ತಂತ್ರಜ್ಞಾನ ಓದಿ ದೇಶದ ಭದ್ರತೆಯ ವಿಶ್ಲೇಷಕರಾಗುವುದು ಹೇಗೆ?

ಸುರತ್ಕಲ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೀರಿ, ಈ ಕೆಲಸಕ್ಕೆ ಬರಬೇಕು, ಆದರೆ ದಿನವಿಡೀ ಇಲ್ಲಿ ಎಂತ ಮಾಡುತ್ತಾರೆ ಅಂತ ಗೊತ್ತಿಲ್ಲ ಅಂದಿದ್ದೀರಿ. ನಾನು ಉಡುಪಿಯವನು, ಇದೇ ಕೆಲಸದಲ್ಲಿದ್ದೇನೆ. ಊರಿನ ಮದುವೆಗೆ ಹೋದರೆ ಈಗಲೂ ಯಾರಾದರೂ ಕಿವಿಯ ಹತ್ತಿರ ಬಂದು "ನೀವು ಗೂಢಚಾರರಾ?" ಅಂತ ಕೇಳುತ್ತಾರೆ. ಇಲ್ಲ ಮಾರಾಯ್ರೆ, ಓದುವುದು, ಬರೆಯುವುದು, ಅಷ್ಟೇ.

ಏನು ಓದುವುದು ಅಂದರೆ, ಕಾಪು ಹತ್ತಿರದ ಪಾದೂರಿನಿಂದ ಶುರು ಮಾಡೋಣ. ಅಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವಷ್ಟು ಜಾಗ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್ನಿನದ್ದಿದೆ. ಹೊರಗಿನ ಎಣ್ಣೆ ನಿಂತರೆ ಇರಲಿ ಅಂತ. ಈಗ 'ಹೊರಗಿನದು ನಿಂತರೆ ಏನು?' ಅನ್ನುವ ಅದೇ ಪ್ರಶ್ನೆಯನ್ನು ಚಿಪ್ ಬಗ್ಗೆ ಕೇಳಿ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾಕ್ಕೆ ಹೋಗುವ ದೊಡ್ಡ ಎಐ ಚಿಪ್‌ಗಳಿಗೆ ತಡೆ ಹಾಕಿತು. 2023ರಲ್ಲಿ ಚೀನಾ ಗ್ಯಾಲಿಯಂ, ಜರ್ಮೇನಿಯಂ ಕಳಿಸಲು ಪರವಾನಗಿ ಬೇಕು ಅಂತು. ಗ್ಯಾಲಿಯಂ ಹೊಸ ರೇಡಾರ್‌ಗಳಿಗೆ ಬೇಕು. ಲೋಹವನ್ನಾದರೂ ಕೂಡಿಡಬಹುದು. ಚಿಪ್ ಕೂಡಿಟ್ಟರೆ ನಾಲ್ಕು ವರ್ಷದಲ್ಲಿ ಹಳತು. ಅದನ್ನು ಇಲ್ಲೇ ಮಾಡೋಣ ಅಂದರೆ, ಅತಿ ಸೂಕ್ಷ್ಮ ಚಿಪ್‌ಗೆ ಬೇಕಾದ ಇಯುವಿ ಯಂತ್ರ (ವಿಶೇಷ ನೇರಳಾತೀತ ಬೆಳಕಿನಿಂದ ಚಿಪ್ ಮೇಲೆ ವಿನ್ಯಾಸ ಮೂಡಿಸುವಂಥದ್ದು) ಮಾಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿ ಒಂದೇ. ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಅದನ್ನು ಎರಡು ಪುಟದಲ್ಲಿ, ಇಂಜಿನಿಯರ್ ಅಲ್ಲದ ಅಧಿಕಾರಿಗೆ ತಿಳಿಯುವ ಹಾಗೆ ಹೇಳಬೇಕು.

ನನ್ನ ಮೊದಲ ಟಿಪ್ಪಣಿ 14 ಪುಟ ಇತ್ತು, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್ ತರಹ. ಹಿರಿಯರು ಮೊದಲ ಪುಟ ಮಾತ್ರ ನೋಡಿ ವಾಪಸ್ ಕೊಟ್ಟರು. ಉತ್ತರ ಇದ್ದದ್ದು 13ನೇ ಪುಟದಲ್ಲಿ!

ಓದಲು ದೂರ ಹೋಗಬೇಕಂತಿಲ್ಲ. ಮಣಿಪಾಲದಲ್ಲೇ ಭೂರಾಜಕೀಯದ ಎಂಎ ಇದೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಸಾರ್ವಜನಿಕ ನೀತಿ ಕಲಿಯಬಹುದು. ವಿದೇಶಾಂಗ ಸಚಿವಾಲಯವೂ 2020ರಲ್ಲಿ ಹೊಸ ತಂತ್ರಜ್ಞಾನಗಳಿಗೇ ಒಂದು ವಿಭಾಗ ತೆರೆಯಿತು. ಸಂಬಳ? ನನ್ನ ಜೊತೆ ಓದಿ ಸಾಫ್ಟ್‌ವೇರ್‌ಗೆ ಹೋದವರಿಗಿಂತ ನನ್ನದು ಕಡಿಮೆಯೇ. ಮನೆಯಲ್ಲಿ ಮೊದಲೇ ಹೇಳಿಬಿಡಿ.

ಈ ವಾರವೇ ಒಂದು ಕೆಲಸ ಮಾಡಿ. ಪರವಾನಗಿ ಇಲ್ಲದೆ ಭಾರತದಿಂದ ಹೊರಗೆ ಕಳಿಸಬಾರದ ವಸ್ತುಗಳ ಪಟ್ಟಿ ಇದೆ, ಸ್ಕೋಮೆಟ್ ಅಂತಾರೆ. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಜಿಎಫ್‌ಟಿ ಕಚೇರಿಯ ವೆಬ್‌ಸೈಟ್‌ನಲ್ಲಿ ಸುಮ್ನೆ ಸಿಗುತ್ತದೆ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಲ್ಲ ಬರುವ ಅದರ 8ನೇ ವರ್ಗದಲ್ಲಿ ನಿಮಗೆ ಗೊತ್ತಿರುವ ಒಂದು ವಸ್ತು ಆರಿಸಿ, ಅದು ಪಟ್ಟಿಯಲ್ಲಿ ಯಾಕಿದೆ ಅಂತ ಒಂದೇ ಪುಟ ಬರೆಯಿರಿ. ಆಮೇಲೆ ಅಮ್ಮನಿಗೆ ಓದಿ ಹೇಳಿ. ಅವರು ಎಲ್ಲಿ "ಎಂತದು ಅದು?" ಅಂತ ಕೇಳುತ್ತಾರೋ, ಅಲ್ಲಿ ತಿದ್ದಿ.