ಕೊಂಡದ್ದು 312, ಓದಿದ್ದು 19

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ 41 ವರ್ಷದ ಗೃಹಸ್ಥರು ನಿದ್ದೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದಿದ್ದರು. ಪುಸ್ತಕದ ಮಾತು ಹೊರಬಿದ್ದದ್ದು ಎರಡನೆಯ ಭೇಟಿಯಲ್ಲಿ. ರಾತ್ರಿ ಹನ್ನೊಂದರ ಮೇಲೆ, ಮಲಗಿದಲ್ಲಿಂದಲೇ ಇ-ಪುಸ್ತಕ ಕೊಳ್ಳುತ್ತಿದ್ದರು. ಒಂದಕ್ಕೆ 49 ರೂಪಾಯಿ, ಇನ್ನೊಂದಕ್ಕೆ 99. "ಇಂದು ಮಾತ್ರ ಈ ದರ" ಎಂಬ ಆಮಿಷ ಬೇರೆ. ಸೇರಿದ್ದು 312, ಓದಿ ಮುಗಿಸಿದ್ದು 19. ಹಣ ಹೋಯಿತೆಂಬ ಕೊರಗು ಅವರಿಗಿರಲಿಲ್ಲ. "ನಾನು ಓದುವವನು ಎಂದುಕೊಂಡಿದ್ದೆ" ಎಂದಷ್ಟೇ ಹೇಳಿ ಸುಮ್ಮನಾದರು.

ಅವರ ತಂದೆ ಹಳ್ಳಿಯ ಶಾಲೆಯ ಮೇಷ್ಟರು. ಸಂಬಳದ ವಾರ ಪೇಟೆಗೆ ಹೋಗಿ ಒಂದು ಪುಸ್ತಕ ತಂದು, ಕಂದು ಕಾಗದದ ಹೊದಿಕೆ ಹಾಕಿ, ಮೊದಲ ಪುಟದಲ್ಲಿ ತಾರೀಖು ಬರೆಯುತ್ತಿದ್ದರಂತೆ. ಬಸ್ಸಿನ ದಾರಿ, ಜೇಬಿನ ಲೆಕ್ಕ, ಕೈಯಲ್ಲಿದ್ದ ಎರಡರಲ್ಲಿ ಒಂದನ್ನು ಕಪಾಟಿಗೆ ಮರಳಿಸುವ ಸಂಕಟ: ಮನೆ ತಲುಪುವ ಹೊತ್ತಿಗೆ ಆ ಪುಸ್ತಕ ಅರ್ಧ ಮನಸ್ಸಿಗೆ ಇಳಿದಿರುತ್ತಿತ್ತು. ಮಗನಿಗೆ ಬೆರಳೊಂದನ್ನು ಒತ್ತಿದರೆ ಸಾಕು. ದಣಿದ ದಿನದ ಕೊನೆಯಲ್ಲಿ, ಮುಂದೆಂದೋ ಸಿಗಬಹುದಾದ ಬಿಡುವಿಗೆ ಅವರು ಮುಂಗಡ ಕಟ್ಟುತ್ತಿದ್ದರು ಎಂದು ನನಗನ್ನಿಸಿತು.

ಹಾಗೆಂದು ಇ-ಪುಸ್ತಕವನ್ನು ಬಿಡಿ ಎನ್ನಲಿಲ್ಲ, ಎನ್ನಲೂಬಾರದು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಅವರು ಪುಸ್ತಕದ ಪೆಟ್ಟಿಗೆಗಳನ್ನು ತೂಕಕ್ಕೆ ಕೊಟ್ಟವರು. ಚಾಳೀಸು ಬಂದ ಕಣ್ಣಿಗೆ ಅಕ್ಷರ ದೊಡ್ಡದು ಮಾಡಿಕೊಳ್ಳುವ ಅನುಕೂಲ ಸಣ್ಣದಲ್ಲ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ, ಆದರೂ ಕಾಗದ ಮತ್ತು ಸಾಗಣೆಯ ಖರ್ಚಿಲ್ಲದೆ ದರ ಇಳಿಯುತ್ತದೆ ಎಂಬ ಲೆಕ್ಕವನ್ನು ಅವರೇ ನನಗೆ ವಿವರಿಸಿದರು. ಅವರನ್ನು ಚುಚ್ಚಿದ್ದು ಬೇರೆಯೇ. ಅಜ್ಜನ ಪುಸ್ತಕದಂತೆ ಹೆಸರು ಬರೆದು ಒಂದನ್ನು ಕೊಡಿ ಎಂದು ಮಗಳು ಕೇಳಿದಾಗ, ಕೊಂಡ ಅಷ್ಟು ಇ-ಪುಸ್ತಕಗಳಲ್ಲಿ ಒಂದನ್ನೂ ಎತ್ತಿ ಕೊಡಲಾಗಲಿಲ್ಲ. ಹಣ ತೆತ್ತು ಪಡೆದದ್ದು ಓದುವ ಪರವಾನಗಿ ಮಾತ್ರ.

ಉಳಿದ 293 ಪುಸ್ತಕಗಳು ಸಾಲವಲ್ಲ ಎಂದು ಮೊದಲು ಹೇಳಿದೆ. ಗ್ರಂಥಾಲಯಕ್ಕೆ ಹೋದವರು ಎಲ್ಲ ಕಪಾಟುಗಳನ್ನೂ ಮುಗಿಸಬೇಕೆಂದು ಕೂರುವುದಿಲ್ಲ. ಸಾಧನದಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ, ಪ್ರತಿ ಸಲವೂ ಸಂಖ್ಯೆಯನ್ನು ಕೈಯಿಂದಲೇ ತುಂಬಲಿ. ಉಚಿತ ಮಾದರಿ ಅಧ್ಯಾಯವನ್ನು ಓದಿ ಮುಗಿಸಿದ ಮೇಲೆ, ಮರುದಿನ ಹಗಲಿನಲ್ಲಿ ಕೊಳ್ಳಲಿ. ರಿಯಾಯಿತಿ ಅಷ್ಟರೊಳಗೆ ಮುಗಿದರೆ ಮುಗಿಯಲಿ. ಓದದ 49 ರೂಪಾಯಿಯ ಪುಸ್ತಕಕ್ಕಿಂತ ಓದಿದ 300 ರೂಪಾಯಿಯದು ಅಗ್ಗ. ಮಗಳಿಗೆ ದಾಟಿಸಬೇಕೆನಿಸುವ ಪುಸ್ತಕವನ್ನು ಮಾತ್ರ ಕಾಗದದಲ್ಲಿ, ಅವಳೊಡನೆ ಅಂಗಡಿಗೆ ಹೋಗಿ ತರಲಿ ಎಂದೆ.

ಆರು ವಾರಗಳ ನಂತರ ಬಂದರು. ಈ ನಡುವೆ ಮೂರು ಇ-ಪುಸ್ತಕ ಕೊಂಡು ಎರಡನ್ನು ಮುಗಿಸಿದ್ದರು. ಗಾಂಧಿ ಬಜಾರಿನಿಂದ ತಂದ ಒಂದು ಕನ್ನಡ ಕಾದಂಬರಿಗೆ ಮಗಳೇ ಹೊದಿಕೆ ಹಾಕಿದ್ದಾಳೆ. ನಿದ್ದೆ ಮಾತ್ರ ಇನ್ನೂ ಸರಿಹೋಗಿಲ್ಲ. ಮುಂದಿನ ಭೇಟಿಯಲ್ಲಿ ಕಚೇರಿಯ ವಿಷಯ ಮಾತಾಡಬೇಕೆಂದು ಈ ಬಾರಿ ಅವರೇ ಹೇಳಿ ಹೋದರು.