ಅರ್ಧ ಬೆಲೆಯ 'ಆರ್ಮಿ ಒರಿಜಿನಲ್' ದುರ್ಬೀನು ಕೊಳ್ಳಬಹುದಾ?

ಕಾಫಿ ತೋಟಕ್ಕೆ ಬರುವ ಆನೆ ನೋಡಲು 'ಆರ್ಮಿ ಒರಿಜಿನಲ್' ನೈಟ್ ವಿಷನ್ ದುರ್ಬೀನು ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ ಎಂದು ಕೇಳಿದ್ದೀರಿ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಸೇನೆಗೆ ಬೇಡವಾದ ಸಾಮಾನು ಹೊರಗೆ ಮಾರಾಟವಾಗುವುದು ನಿಜ. ಆದರೆ ಅದು ಕೇಂದ್ರ ಸರ್ಕಾರದ ಹರಾಜು ಸಂಸ್ಥೆಯಾದ ಎಂಎಸ್‌ಟಿಸಿಯಂಥ ಕಡೆ ಹರಾಜಾಗುತ್ತದೆ, ಕೊಂಡವರ ಹತ್ತಿರ ಕಾಗದ ಇರುತ್ತದೆ. ಮಾರುವವನಿಗೆ ಆ ಕಾಗದ ಮತ್ತು ಸೀರಿಯಲ್ ನಂಬರಿನ ಫೋಟೋ ಕೇಳಿ. ನಂಬರ್ ಕೆರೆದು ಹಾಕಿದ್ದರೆ ಅಲ್ಲಿಗೇ ಬಿಡಿ. "ನಮ್ಮ ಮಾವ ಸುಬೇದಾರ್ ಆಗಿದ್ರು" ಅನ್ನೋದು ಕಾಗದ ಅಲ್ಲ. ಕೊಡಗಿನಲ್ಲಿ ಮಾಜಿ ಸೈನಿಕರು ಜಾಸ್ತಿ, ಹಾಗಾಗಿ ಇಂಥ ಮಾತನ್ನು ಬೇಗ ನಂಬಿಬಿಡುತ್ತೇವೆ, ಅಲ್ವಾ?

ಕದ್ದ ಮಾಲು ಎಂದು ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. 'ಅರ್ಧ ಬೆಲೆ ನೋಡಿದಾಗಲೇ ಅನುಮಾನ ಬರಲಿಲ್ವಾ?' ಎಂದು ಪೊಲೀಸರು ಕೇಳಿದರೆ ಏನು ಹೇಳುತ್ತೀರಿ? ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅನ್ನಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಸೈನಿಕ ಅಂತ ಹೇಳಿ ಮುಂಗಡ ಹಾಕಿಸಿಕೊಂಡು ಮಾಯವಾಗುವವರೂ ಬೇಕಾದಷ್ಟು ಜನ. ಈಗಾಗಲೇ ದುಡ್ಡು ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ. ಮಾರುವವನ ಜೊತೆ ಸುಮ್ನೆ ಜಗಳಕ್ಕೆ ಹೋಗಬೇಡಿ.