ಎಂಜಿನ್ ಇಲ್ಲದ ಅಂತರಿಕ್ಷ ನೌಕೆ ಕಿಟ್ ಬಂದಿದೆ, ರಾಯಚೂರಿನಲ್ಲಿ ಇದನ್ನು ಹಾರಿಸೋದು ಹೇಗೆ?

ಅಂಟಿನ ಟ್ಯೂಬ್ ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಕಿಟ್ಟಿನೊಳಗಿನ ರೆಕ್ಕೆಗಳನ್ನೆಲ್ಲ ಒಂದು ದಪ್ಪ ರಟ್ಟಿನ ಮೇಲೆ ಇಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಯಾಕೆ ಅಂತ ಮುಂದೆ ಹೇಳ್ತೀನಿ.

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿರುವ ತಮ್ಮ ನಿಮ್ಮ ಮಗಳಿಗೆ ಒಂದು ಮಾಡೆಲ್ ರಾಕೆಟ್ ಕಿಟ್ ತಂದುಕೊಟ್ಟಿದ್ದಾನೆ. ಮಾಮೂಲಿ ರಾಕೆಟ್ ಅಲ್ಲ, ಕಥೆಗಳಲ್ಲಿ ಬರುವಂಥ ಅಂತರಿಕ್ಷ ನೌಕೆ. ಮುಂದೆ ಎರಡು ಸಣ್ಣ ರೆಕ್ಕೆ, ಹಿಂದೆ ಎರಡು ದೊಡ್ಡ ರೆಕ್ಕೆ, ಪಕ್ಕದಲ್ಲಿ ಎರಡು ಕೊಳವೆ. ಪೆಟ್ಟಿಗೆಯಲ್ಲಿ ಎಂಜಿನ್ ಮಾತ್ರ ಇಲ್ಲ. ಕಟ್ಟೋದು ಹೇಗೆ, ಎಂಜಿನ್ ಎಲ್ಲಿ ಸಿಗುತ್ತೆ, ನೆಟ್ಟಗೆ ಹಾರುತ್ತಾ?

ನಾನು ಕೊಪ್ಪಳದಲ್ಲಿ ರೇಡಿಯಂ ಸ್ಟಿಕ್ಕರ್ ಅಂಗಡಿ ಇಟ್ಟುಕೊಂಡಿದ್ದೇನೆ. ಇಂಥದ್ದೇ ಒಂದು ಕಿಟ್ ನನ್ನ ಅಕ್ಕನ ಮಗನಿಗೆ ಬಂದಿತ್ತು. ಅದನ್ನು ಕಟ್ಟಿದ್ದೇವೆ, ಅದೇ ಆಕಾರದ ಇನ್ನೊಂದನ್ನು ಮಾಡಿ ಹಾರಿಸಿದ್ದೇವೆ.

ಮೊದಲು ಎಂಜಿನ್ ವಿಷಯ. ಪೆಟ್ಟಿಗೆ ಮೇಲೆ ಬಿ6-4, ಸಿ6-3 ಅಂತ ಏನಾದರೂ ಬರೆದಿರುತ್ತೆ ನೋಡಿ. ಅಕ್ಷರ ಅಂದರೆ ಒಟ್ಟು ಶಕ್ತಿಯ ದರ್ಜೆ. ಎ ದರ್ಜೆಯ ದುಪ್ಪಟ್ಟು ಬಿ, ಬಿ ದುಪ್ಪಟ್ಟು ಸಿ. ನಡುವಿನ 6 ಅಂದರೆ ಸರಾಸರಿ 6 ನ್ಯೂಟನ್ ತಳ್ಳುವ ಬಲ, ಹತ್ತಿರ ಹತ್ತಿರ 600 ಗ್ರಾಂ ಎತ್ತುವಷ್ಟು. ಕೊನೆಯ ಅಂಕಿ ಸೆಕೆಂಡ್ ಲೆಕ್ಕ. ಮದ್ದು ಉರಿದು ಮುಗಿದ ಮೇಲೆ ಅಷ್ಟು ಸೆಕೆಂಡ್ ಬಿಟ್ಟು ಒಳಗೆ ಸಣ್ಣದಾಗಿ ಢಬ್ ಅನ್ನುತ್ತೆ, ಪ್ಯಾರಾಚೂಟ್ ಹೊರಗೆ ಬೀಳುತ್ತೆ. ರೆಕ್ಕೆ ಜಾಸ್ತಿ ಇರುವ ನೌಕೆ ಗಾಳಿಗೆ ಬೇಗ ನಿಧಾನ ಆಗುತ್ತೆ, ಅದಕ್ಕೇ ಇಂಥವಕ್ಕೆ ಕೊನೆಯ ಅಂಕಿ ಚಿಕ್ಕದಿರಬೇಕು.

ಆದರೆ ಈ ಎಂಜಿನ್ ಅಂದರೆ ರಟ್ಟಿನ ಕೊಳವೆಯಲ್ಲಿ ಒತ್ತಿ ತುಂಬಿದ ಕಪ್ಪು ಮದ್ದು. ನಮ್ಮ ದೇಶದಲ್ಲಿ ಅದು ಸ್ಫೋಟಕ. 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಲೈಸೆನ್ಸ್ ಕೊಡುವ ಪೆಸೊ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ತಮ್ಮನಿಗೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ ಅಂತ ದಯವಿಟ್ಟು ಹೇಳಬೇಡಿ. ವಿಮಾನದಲ್ಲಿ ಅದನ್ನು ಒಯ್ಯುವ ಹಾಗಿಲ್ಲ, ಸಿಕ್ಕಿಬಿದ್ದರೆ ಅವನಿಗೇ ತೊಂದರೆ.

ಇನ್ನು ದೀಪಾವಳಿ ಪಟಾಕಿ ಒಡೆದು ಮದ್ದು ತುಂಬುವ ಐಡಿಯಾ ಯಾರಾದರೂ ಕೊಟ್ಟೇ ಕೊಡ್ತಾರೆ. ನನಗೂ ಮೂವರು ಕೊಟ್ಟರು. ಬೇಡವೇ ಬೇಡ. ಈ ಆಟದ ಕಥೆ ಗೊತ್ತಾದರೆ ಯಾಕೆ ಅಂತ ನಿಮಗೇ ಅರ್ಥ ಆಗುತ್ತೆ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರು ಮನೆಯಲ್ಲೇ ಮದ್ದು ಕಲಸಿ, ಕಬ್ಬಿಣದ ಪೈಪಿಗೆ ತುಂಬಿ, ಕೈ ಕಣ್ಣು ಕಳೆದುಕೊಳ್ಳುತ್ತಿದ್ದರು. ಅಲ್ಲಿನ ನೆಬ್ರಾಸ್ಕಾ ರಾಜ್ಯದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಅಷ್ಟರಲ್ಲಾಗಲೇ ಕಾಗದ ಮತ್ತು ಹಗುರ ಮರದ ರಾಕೆಟ್ ಮಾಡಿದ್ದರು. ಜಿ. ಹ್ಯಾರಿ ಸ್ಟೈನ್ ಅನ್ನುವ ರಾಕೆಟ್ ಎಂಜಿನಿಯರ್ ಅದನ್ನು ನೋಡಿ, ಹುಡುಗರ ಕೈಗೆ ಕೊಡಬೇಕಾದದ್ದು ಇದು ಅಂತ ಗುರುತಿಸಿದರು. ಮುಂದೆ ವರ್ನ್ ಎಸ್ಟಿಸ್ ಇದಕ್ಕೆ ಎಂಜಿನ್ ತಯಾರಿಸುವ ಯಂತ್ರವನ್ನೇ ಕಟ್ಟಿದರು. ಅಂದರೆ ಮಕ್ಕಳು ಮದ್ದಿಗೆ ಕೈ ಹಾಕಬಾರದು ಅಂತಲೇ ಬೆಳೆದ ಆಟ ಇದು. ಅದರೊಳಗೆ ಪಟಾಕಿ ಮದ್ದು ತುಂಬಿದರೆ ಇಡೀ ಆಟದ ಉದ್ದೇಶವೇ ಹೋಯಿತು, ಅಲ್ವಾ?

ಹಾಗಾದರೆ ಹಾರಿಸೋದು ಹೇಗೆ? ನೀರಿನಿಂದ. ಆ ಪೆನ್ಸಿಲ್ ಗೆರೆ ಇದಕ್ಕೇ. ಕಿಟ್ ಮನೆಯ ಶೋಕೇಸಿಗೆ, ಅದೇ ಆಕಾರದ ದೊಡ್ಡ ಜೋಡಿ ಹೊಲಕ್ಕೆ.

ಕಿಟ್ ಕಟ್ಟುವಾಗ ಅವಸರ ಬೇಡ. ಬಾಲ್ಸಾ ಮರದ ರೆಕ್ಕೆಯಲ್ಲಿ ನಾರಿನ ಗೆರೆಗಳು ಕಾಣುತ್ತವೆ, ಸುಮ್ನೆ ಬಣ್ಣ ಹೊಡೆದರೆ ಅವು ಎದ್ದು ಕಾಣುತ್ತವೆ. ನಮ್ಮ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿಸಿದ, ಕಿಟ್ಟ ಅನ್ನುವ ಲೇಪ ಬಳಿದು ಸಂದು ಮುಚ್ಚುತ್ತಾರೆ. ನಾನು ಅದನ್ನೇ ತೆಳ್ಳಗೆ ಮಾಡಿ ಬೆರಳಲ್ಲಿ ಸವರಿದೆ. ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಉಪ್ಪುಕಾಗದ ಹಾಕಿದೆ. ಕಣ್ಣು ಮುಚ್ಚಿ ಸವರಿದರೆ ಮರವೋ ಪ್ಲಾಸ್ಟಿಕ್ಕೋ ಗೊತ್ತಾಗದಷ್ಟು ನುಣುಪು. ನೀರಿಗೆ ಇದು ತಡೆಯಲ್ಲ, ಶೋಕೇಸಿನ ನೌಕೆಗೆ ಮಾತ್ರ. ರೆಕ್ಕೆ ಅಂಟಿಸುವಾಗ ಮೊದಲು ಒಂದು ಪದರ ಫೆವಿಕಾಲ್ ಹಚ್ಚಿ ಒಣಗಿಸಿ, ಎರಡನೇ ಪದರಕ್ಕೆ ಒತ್ತಿ ಹಿಡಿಯಿರಿ. ಗಟ್ಟಿ ಕೂರುತ್ತೆ.

ಈಗ ಹಾರುವ ನೌಕೆ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ಬೇಕು. ಸೋಡಾ ತುಂಬಿ ಬರುವ ಬಾಟಲಿಯೇ ಆಗಬೇಕು, ಅದು ಗ್ಯಾಸಿನ ಒತ್ತಡ ತಡೆಯೋಕೆ ಅಂತಲೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ರೆಕ್ಕೆಗಳನ್ನು ಆ ಬಾಟಲಿಗೆ ನೇರ ಅಂಟಿಸಬೇಡಿ, ಬಿಸಿ ಗ್ಲೂ ಗನ್ ಅದರ ಹತ್ತಿರವೂ ತರಬೇಡಿ. ಬಿಸಿ ತಾಗಿದ ಜಾಗವೇ ಮೊದಲು ಒಡೆಯೋದು. ಇನ್ನೊಂದು ಬಾಟಲಿಯ ನಡುಭಾಗ ಕತ್ತರಿಸಿ ತೋಳಿನ ಹಾಗೆ ಏರಿಸಿ, ರೆಕ್ಕೆ ಆ ತೋಳಿಗೆ ಕೂರಿಸಿ. ರೆಕ್ಕೆಗೆ ನಾವು ಬೋರ್ಡ್ ಮಾಡುವ 3 ಎಂಎಂ ಸನ್‌ಬೋರ್ಡ್ (ಗಟ್ಟಿ ಫೋಮಿನ ಹಲಗೆ) ಸಾಕು. ಹಗುರ, ನೀರಿಗೆ ಹೆದರಲ್ಲ. ರಟ್ಟಿನ ಗೆರೆಗಳನ್ನು ಎರಡು ಪಟ್ಟು ದೊಡ್ಡದು ಮಾಡಿ ಕತ್ತರಿಸಿಕೊಳ್ಳಿ.

ನೆಟ್ಟಗೆ ಹಾರುತ್ತಾ ಅಂತ ಕೇಳಿದ್ದೀರಲ್ಲ, ಇಡೀ ಉತ್ತರದಲ್ಲಿ ಮುಖ್ಯವಾದದ್ದು ಇದು. ಹಾರುವ ವಸ್ತುವಿಗೆ ಎರಡು ನಡು ಇರುತ್ತವೆ. ಒಂದು ತೂಕದ ನಡು, ಬೆರಳ ಮೇಲೆ ಇಟ್ಟರೆ ಎಲ್ಲಿ ಸಮ ನಿಲ್ಲುತ್ತೋ ಅದು. ಇನ್ನೊಂದು ಗಾಳಿಯ ನಡು, ಪಕ್ಕದಿಂದ ಬಡಿಯುವ ಗಾಳಿಯ ಒತ್ತಡವೆಲ್ಲ ಸೇರಿ ತಳ್ಳುವ ಜಾಗ. ತೂಕದ ನಡು ಮುಂದಿರಬೇಕು, ಗಾಳಿಯ ನಡು ಹಿಂದಿರಬೇಕು. ಎರಡರ ನಡುವೆ ಕಡಿಮೆ ಅಂದರೂ ಬಾಟಲಿಯ ಅಡ್ಡಳತೆಯಷ್ಟು, ಅಂದರೆ ಸುಮಾರು 11 ಸೆಂಟಿಮೀಟರ್ ಅಂತರ ಬೇಕು. ಕಥೆಯ ನೌಕೆಗಳಲ್ಲಿ ಇದು ಉಲ್ಟಾ. ಮುಂದಿನ ಸಣ್ಣ ರೆಕ್ಕೆಗಳು ಗಾಳಿಯ ನಡುವನ್ನು ಮುಂದಕ್ಕೆ ಎಳೆಯುತ್ತವೆ, ಹಿಂದಿನ ಕೊಳವೆಗಳು ತೂಕವನ್ನು ಹಿಂದಕ್ಕೆ ಎಳೆಯುತ್ತವೆ. ಅವು ಕಣ್ಣಿಗೆ ಅಂತ ಮಾಡಿದ ಆಕಾರಗಳು. ಅಂತರಿಕ್ಷದಲ್ಲಿ ಗಾಳಿ ಇಲ್ಲ, ನಮ್ಮ ಹೊಲದಲ್ಲಿ ಇದೆ.

ಇದು ನಾನು ಪೆಟ್ಟು ತಿಂದು ಕಲಿತದ್ದು. ಮೊದಲ ಸಲ ಮೂತಿಗೆ ತೂಕ ಹಾಕಿರಲಿಲ್ಲ. ನೌಕೆ ತೆಂಗಿನ ಮರದಷ್ಟು ಎತ್ತರವೂ ಹೋಗಲಿಲ್ಲ. ಗಾಳಿಯಲ್ಲೇ ಎರಡು ಪಲ್ಟಿ ಹೊಡೆದು, ನೀರು ಚೆಲ್ಲುತ್ತಾ ಪಕ್ಕದ ಕಡಲೆ ಹೊಲಕ್ಕೆ ಅಡ್ಡ ಬಿತ್ತು. ಒಂದು ರೆಕ್ಕೆ ಹೋಯಿತು. ಹುಡುಗನ ಮುಖ ನೋಡೋಕೆ ಆಗಲಿಲ್ಲ.

ಮನೆಗೆ ಬಂದು ನೌಕೆಯ ಪಕ್ಕದ ನೋಟವನ್ನು ರಟ್ಟಿನಲ್ಲಿ ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ಇಟ್ಟು ಸಮ ಮಾಡಿದೆವು. ಅದು ನಿಲ್ಲುವ ಜಾಗವನ್ನೇ ಗಾಳಿಯ ನಡು ಅಂತ ಹಿಡಿದರೆ ಸಾಕು, ಅಂದಾಜು ಸುರಕ್ಷಿತ ಕಡೆಗೇ ಇರುತ್ತೆ. ನಮ್ಮ ಎರಡು ನಡುಗಳು ಹೆಚ್ಚುಕಡಿಮೆ ಒಂದೇ ಕಡೆ ಇದ್ದವು! ಎಂ-ಸೀಲ್ ಕಲಸಿ ಮೂತಿಯೊಳಗೆ ಒತ್ತಿದೆವು, 60 ಗ್ರಾಂ. ಜೊತೆಗೆ ಹಿಂದಿನ ರೆಕ್ಕೆಗಳ ಅಂಚಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸೇರಿಸಿದೆವು. ಗಾಳಿಗೆ ಅದೂ ರೆಕ್ಕೆಯೇ, ದೂರದಿಂದ ನೋಡುವವರಿಗೆ ಕಾಣೋದೇ ಇಲ್ಲ. ನೌಕೆಯ ಚಂದ ಕೆಡಲಿಲ್ಲ.

ಆಮೇಲೆ ದಾರದ ಪರೀಕ್ಷೆ. ಖಾಲಿ ನೌಕೆಯ ತೂಕದ ನಡುವಿಗೆ ದಾರ ಕಟ್ಟಿ, ಎರಡು ಮೂರು ಮೀಟರ್ ಬಿಟ್ಟು, ತಲೆ ಮೇಲೆ ಕವಣೆ ಬೀಸಿದ ಹಾಗೆ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ಹಾರುತ್ತೆ. ಅಡ್ಡ ತಿರುಗಿದರೆ ಮೂತಿಗೆ ಇನ್ನೂ ತೂಕ ಬೇಕು. ಈ ಪರೀಕ್ಷೆ ಆಗದೆ ಹೊಲಕ್ಕೆ ಹೋಗಲೇಬೇಡಿ.

ಪ್ಯಾರಾಚೂಟಿಗೆ ಹಳೇ ಛತ್ರಿ ಬಟ್ಟೆ ಒಳ್ಳೆಯದು. ಮಡಚುವ ಮುಂಚೆ ಮೇಲೆ ಪೌಡರ್ ಉದುರಿಸಿ, ಇಲ್ಲದಿದ್ದರೆ ಪದರಗಳು ಅಂಟಿಕೊಂಡು ಬಿಚ್ಚಲ್ಲ. ಮೂತಿಯನ್ನು ಸಡಿಲವಾಗಿ ಕೂರಿಸಿ ದಾರದಿಂದ ಕಟ್ಟಿರಿ. ಮೇಲೆ ಹೋಗಿ ನಿಧಾನ ಆದಾಗ ಅದು ಕಳಚಿಕೊಳ್ಳುತ್ತೆ.

ಹಾರಿಸುವ ಸ್ಟ್ಯಾಂಡಿಗೆ ಅರ್ಧ ಇಂಚಿನ ಪೈಪು ಬಾಟಲಿ ಬಾಯಿಗೆ ಸರಿಯಾಗಿ ಹೊಂದುತ್ತೆ. ಬಾಟಲಿ ಕತ್ತಿನ ಸುತ್ತ ಕೇಬಲ್ ಟೈ ಹಿಡಿತ, ಅದನ್ನು ಬಿಡಿಸೋಕೆ ಹಗ್ಗ, ಗಾಳಿ ತುಂಬೋಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಪಂಕ್ಚರ್ ಅಂಗಡಿಯವರು ಕೂರಿಸಿಕೊಡ್ತಾರೆ. ಮೀಟರ್ ಇರುವ ಪಂಪ್ ಕಡ್ಡಾಯ. ಬಾಟಲಿಯ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಒತ್ತಿದ ಗಾಳಿಯಲ್ಲೇ ಶಕ್ತಿ ಇರೋದು, ನೀರು ಅದು ಹಿಂದಕ್ಕೆ ಎಸೆಯುವ ಭಾರ. ಮೊದಲ ಸಲ 30 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಲೆಕ್ಕ), ಆಮೇಲೆ ನಿಧಾನವಾಗಿ 60ರವರೆಗೆ. ಅದಕ್ಕಿಂತ ಮೇಲೆ ನಾನು ಹೋಗಲ್ಲ. ಗಾಳಿ ತುಂಬಿದ ಮೇಲೆ ಯಾರೂ ಹತ್ತಿರ ಬಗ್ಗಬಾರದು. ಹಗ್ಗ 5 ಮೀಟರಿಗಿಂತ ಉದ್ದ ಇರಲಿ, ಮಗಳ ಕಣ್ಣಿಗೆ ಕನ್ನಡಕ ಇರಲಿ. ಗೀರು ಬಿದ್ದ ಬಾಟಲಿ ಬಿಸಾಡಿ.

ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಿಲ್ಲ. ಬಾಟಲಿಯನ್ನು ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಆಷಾಢದ ಗಾಳಿಯಲ್ಲಿ ಹಾರಿಸೋದು ವ್ಯರ್ಥ. ದೊಡ್ಡ ರೆಕ್ಕೆಯ ನೌಕೆ ಗಾಳಿ ಬರುವ ಕಡೆಗೇ ತಿರುಗಿ ಓಡುತ್ತೆ. ಭತ್ತ ಕೊಯ್ದ ಮೇಲೆ, ಡಿಸೆಂಬರಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ ಹೋಗಿ. ಹೊಲದವರನ್ನು ಕೇಳಿ. ಶಕ್ತಿನಗರದ ಕಡೆ ಹೈಟೆನ್ಷನ್ ತಂತಿಗಳು ಜಾಸ್ತಿ, ಆ ಸುತ್ತಮುತ್ತ ಬೇಡ. ಬೇಸಿಗೆಯ ಎರೆ ಹೊಲವೂ ಬೇಡ, ಬಿರುಕಿನೊಳಗೆ ಮೂತಿ ಹೊಕ್ಕರೆ ಹಾರೆ ತಗೊಂಡು ತೆಗೆಯಬೇಕು.

ನಮ್ಮ ಎರಡನೇ ಹಾರಾಟ 50 ಪಿಎಸ್‌ಐಗೆ. ಹುಡುಗ ಹಗ್ಗ ಎಳೆದ. ಬುಸ್ ಅಂತ ಒಂದು ಸದ್ದು, ನೆಲದ ಮೇಲೆ ಬಿಳಿ ತುಂತುರು, ಕಣ್ಣೆತ್ತುವಷ್ಟರಲ್ಲಿ ನೌಕೆ ತೆಂಗಿನ ಮರ ದಾಟಿ ಹೋಗಿತ್ತು. ಒಂದಿಷ್ಟೂ ವಾಲಲಿಲ್ಲ. ಮೇಲೆ ಒಂದು ಕ್ಷಣ ನಿಂತ ಹಾಗೆ ಆಯಿತು, ಕರಿ ಛತ್ರಿ ಬಟ್ಟೆ ಬಿಚ್ಚಿಕೊಂಡಿತು. ನಾನು ಅಂಟಿಸಿದ ಕೆಂಪು ರೇಡಿಯಂ ಪಟ್ಟಿ ಎಳೆ ಬಿಸಿಲಿಗೆ ಹೊಳೆಯುತ್ತಾ ತಿರುಗುತ್ತಾ ಇಳಿಯಿತು.

ಮಗಳ ನೌಕೆಯ ರಟ್ಟಿನ ಆಕಾರ ಕತ್ತರಿಸಿದ ಮೇಲೆ ಒಂದು ಫೋಟೊ, ಎರಡು ನಡುಗಳ ಅಳತೆ ಇಲ್ಲೇ ಕೆಳಗೆ ಹಾಕಿ. ಮೂತಿಗೆ ಎಷ್ಟು ಗ್ರಾಂ ಬೇಕು ಅಂತ ಕೂತು ಲೆಕ್ಕ ಹಾಕೋಣ.